ಮಗಳ ಕರುಳು, ನಮ್ಮ ಪಾಡು

ನಮ್ಮ ಮನೆಗೆ ನಗು ಬರುವುದು ಹೆಚ್ಚಾಗಿ ಅಳುವ ಹೊತ್ತಿಗೇ. ನಾನು ಉಡುಪಿ ಕಡೆಯವನು. ವಡೋದರದ ಮಂಜಲ್‌ಪುರದಲ್ಲಿ ಸಣ್ಣ ಹೋಟೆಲು. ಒಬ್ಬಳೇ ಮಗಳು, ಈಗ ಹನ್ನೆರಡು. ಮೂರು ವರ್ಷದ ಹಿಂದೆ ಅವಳ ದೊಡ್ಡ ಕರುಳಿನಲ್ಲಿ ಹುಣ್ಣಾಯಿತು. ಹತೋಟಿಗೆ ಬರುತ್ತದೆ, ಮತ್ತೆ ಕೆರಳುತ್ತದೆ, ಪೂರ್ತಿ ಹೋಗುವ ಕಾಯಿಲೆಯಲ್ಲ ಅಂದರು ಡಾಕ್ಟರು. ಊರಿಗೆಲ್ಲ ಮಸಾಲೆ ದೋಸೆ ಹುಯ್ಯುವವನ ಮಗಳಿಗೆ ಕೆರಳಿದಾಗ ಗಂಜಿಯೇ ಗತಿ.

೧. ಮನೆ ಹುಡುಕಿದ್ದು

ಹಳೇ ಮನೆಯಲ್ಲಿ ಪಾಯಿಖಾನೆ ಒಂದೇ. ಒಂದು ಬೆಳಿಗ್ಗೆ ನಾನು ಒಳಗಿದ್ದಾಗ ಮಗಳು ಬಾಗಿಲು ಬಡಿದಳು. ಹೊರಗೆ ಬರುವಷ್ಟರಲ್ಲಿ ತಡವಾಗಿತ್ತು. ಸ್ಕೂಲ್ ಯೂನಿಫಾರ್ಮಿನಲ್ಲೇ ನೆಲದ ಮೇಲೆ ಕೂತು, "ಸಾರಿ ಪಪ್ಪಾ" ಅಂದಳು. ಆ ವಾರವೇ ಬೇರೆ ಮನೆ ಹುಡುಕಲು ಹೊರಟೆವು.

ಬ್ರೋಕರ್ ಬಾಲ್ಕನಿ ತೋರಿಸಿದ, ದೇವರ ಮೂಲೆ ತೋರಿಸಿದ. ನಾವು ಗಂಡ ಹೆಂಡತಿ ಸೀದಾ ಪಾಯಿಖಾನೆಗೆ ಹೋಗಿ ಫ್ಲಷ್ ಒತ್ತುತ್ತಿದ್ದೆವು, ಚಿಲಕ ಅಲ್ಲಾಡಿಸುತ್ತಿದ್ದೆವು. ಕಾರಣ ಹೇಳಲಿಲ್ಲ, ಹೇಳಿದರೆ ಮನೆ ಕೊಡುತ್ತಾರೋ ಇಲ್ಲವೋ ಎಂಬ ಹೆದರಿಕೆ. ಐದನೇ ಮನೆಯಲ್ಲಿ ಎರಡು ಪಾಯಿಖಾನೆ ಇತ್ತು, ಒಪ್ಪಿದೆವು.

ಸೇರಿದ ಎರಡನೇ ದಿನ ಮಾಲೀಕರ ಫೋನು: "ಭಾಯಿ, ನೀವು ಪ್ಲಂಬರ್ ಅಂತ ಬ್ರೋಕರ್ ಹೇಳಿದ. ನಮ್ಮನೆ ನಲ್ಲಿ ಸೋರ್ತಾ ಇದೆ, ಬಿಡುವಾದಾಗ ಬನ್ನಿ."

೨. ದುಂಡು ಮುಖ

ಸೂರತ್‌ನ ಉಧ್ನಾದಲ್ಲಿ ನನ್ನ ತಂಗಿಯ ಹೊಸ ಮನೆಯ ಒಕ್ಕಲು, ಗೃಹಪ್ರವೇಶ. ಆಗ ಮಗಳಿಗೆ ಸ್ಟಿರಾಯ್ಡ್ ನಡೆಯುತ್ತಿತ್ತು, ಮುಖ ಊದಿ ಚೆಂಡಿನಂತಾಗಿತ್ತು. ಫೋಟೋಗೆ ನಿಲ್ಲಲು ಒಪ್ಪದೆ ಅಮ್ಮನ ಸೆರಗಿನ ಹಿಂದೆ ಇದ್ದಳು. ತಂಗಿಯ ಅತ್ತೆ ಅವಳ ಗಲ್ಲ ಹಿಂಡಿ, "ಎಷ್ಟು ಮೈಕೈ ತುಂಬಿಕೊಂಡಿದ್ದಾಳೆ! ಏನು ಕೊಡ್ತೀರಿ ಮಾರಾಯ್ತಿ?" ಅಂದರು.

ನನ್ನ ಹೆಂಡತಿಗೆ ರೇಗಿತು. "ಸ್ಟಿರಾಯ್ಡ್" ಅಂದಳು.

ಅತ್ತೆಯವರು ತಮ್ಮ ಸಣಕಲು ಮೊಮ್ಮಗಳನ್ನು ಎಳೆದು ಮುಂದೆ ನಿಲ್ಲಿಸಿದರು. "ಇವಳಿಗೂ ತರಿಸ್ತೇನೆ. ಅದನ್ನು ಹಾಲಿಗೆ ಹಾಕಬೇಕಾ, ನೀರಿಗಾ?"

೩. ಮ್ಯಾಟಿನಿ

ಕಾಯಿಲೆ ಬಂದ ಮೇಲೆ ನಾವಿಬ್ಬರೇ ಖುಷಿಗೆಂದು ಎಲ್ಲಿಗೂ ಹೋದದ್ದಿಲ್ಲ. ಒಬ್ಬರು ಹೊರಗಿದ್ದರೆ ಒಬ್ಬರು ಮನೆಯಲ್ಲಿ. ಮಾತೆಂದರೆ ಎಷ್ಟು ಸಲ ಹೋದಳು, ನೀರಾಗಿತ್ತಾ ಗಟ್ಟಿಯಿತ್ತಾ, ರಕ್ತ ಇತ್ತಾ, ಗುಳಿಗೆ ಕೊಟ್ಟೆಯಾ. ಪಕ್ಕದ ಮನೆಯವರು ನೋಡಲಾರದೆ, "ನಾನು ಮಗಳ ಹತ್ತಿರ ಕೂರ್ತೇನೆ, ಒಂದು ಸಿನಿಮಾ ನೋಡಿ ಬನ್ನಿ" ಎಂದು ದಬ್ಬಿದರು.

ವಾಪಸು ಬಂದಾಗ ಮಗಳು ಕತೆ ಕೇಳಿದಳು. ನಾನು, "ಕೊನೆಗೆ ಅವರ ಮದುವೆ ಆಗುತ್ತೆ" ಅಂದೆ. ಹೆಂಡತಿ, "ಮದುವೆ ಎಲ್ಲಿ? ಅವನು ಸತ್ತೇ ಹೋದನಲ್ಲ!" ಅಂದಳು. ಇಬ್ಬರೂ ನಿದ್ದೆ ಹೊಡೆದದ್ದು ಇಬ್ಬರಿಗೂ ಗೊತ್ತಾದದ್ದು ಆಗಲೇ.

ಮಗಳು ನಮ್ಮಿಬ್ಬರ ಮುಖ ನೋಡಿ ಕೇಳಿದಳು: "ನೀವು ಬೇರೆ ಬೇರೆ ಥಿಯೇಟರ್‌ಗೆ ಹೋಗಿದ್ರಾ?"

೪. ಬೆಳಗಿನ ಫೋನು

ಈ ವರ್ಷ ಕಾಯಿಲೆ ಕೆರಳಿದ್ದು ಇಳಿಯಲೇ ಇಲ್ಲ. ಅಹಮದಾಬಾದಿನ ಆಸ್ಪತ್ರೆಗೆ ಸೇರಿಸಿದೆವು. ಹೊಸ ಇಂಜೆಕ್ಷನ್ ಹಿಡಿಯದಿದ್ದರೆ ದೊಡ್ಡ ಕರುಳನ್ನೇ ತೆಗೆಯಬೇಕು ಅಂದರು. ಹೆಂಡತಿ ಅಲ್ಲೇ ಉಳಿದಳು. ನಾನು ಒಂದು ದಿನ ಅಲ್ಲಿ, ಒಂದು ದಿನ ಹೋಟೆಲಿನ ಗಲ್ಲಾದಲ್ಲಿ.

ಹೋಟೆಲು ತುಂಬಿದ ಒಂದು ಬೆಳಿಗ್ಗೆ ಹೆಂಡತಿಯ ಫೋನು ಬಂತು. ಗಲಾಟೆಯಲ್ಲಿ ಏನೂ ಕೇಳಿಸಲಿಲ್ಲ. "ಜೋರಾಗಿ ಹೇಳು!" ಅಂದೆ.

"ರೀ, ಗಟ್ಟಿಯಾಗಿದೆ! ರಕ್ತವೂ ಇಲ್ಲ! ಆಪರೇಷನ್ ಸದ್ಯಕ್ಕೆ ಬೇಡ ಅಂದ್ರು!"

"ಗಟ್ಟಿಯಾ? ನಿಜವಾಗ್ಲೂ ಗಟ್ಟಿಯಾ?" ಎಂದು ಕಿರುಚಿದೆ. ಗಲ್ಲಾದ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ.

ಅಲ್ಲಿದ್ದ ಗಿರಾಕಿಗಳಲ್ಲಿ ಕನ್ನಡ ಬಲ್ಲವರು ಒಬ್ಬರೇ, ವರ್ಗವಾಗಿ ಬಂದಿದ್ದ ಧಾರವಾಡದ ಬ್ಯಾಂಕ್ ಆಫೀಸರು. ಇಡ್ಲಿ ತಟ್ಟೆ ಹಿಡಿದುಕೊಂಡೇ ಎದ್ದು ಬಂದು ನನ್ನ ಬೆನ್ನು ಸವರಿದರು.

"ಅಳಬ್ಯಾಡ್ರೀ. ಚಟ್ನಿ ಗಟ್ಟಿ ಆದ್ರ ಏನಾತು? ಒಂದೀಟು ನೀರು ಹಾಕಿದ್ರ ಸರಿ ಆಗ್ತೈತಿ."