ಮಂಗಳವಾರ ಎಂದು ನಾನೇ ಓದಿದ್ದೆ

ಮನೆಯವರು ನಮ್ಮ ಮಾತು ನಂಬುವುದಿಲ್ಲ ಎಂಬ ದುಃಖ ಎಲ್ಲರ ಮನೆಯಲ್ಲೂ ಇರುವಂಥದ್ದೇ. ಡಾಕ್ಟರ ಹೆಂಡತಿ ತಲೆನೋವಿಗೆ ಪಕ್ಕದ ಮನೆಯವರು ಹೇಳಿದ ಕಷಾಯ ಕುಡಿಯುತ್ತಾಳೆ, ಜ್ಯೋತಿಷಿಯ ಮಗ ಅಪ್ಪ ಬೇಡವೆಂದ ದಿನವೇ ಬೈಕ್ ಕೊಳ್ಳುತ್ತಾನೆ. ನನ್ನದು ಮಾತ್ರ ಸ್ವಲ್ಪ ಬೇರೆ ತರಹದ ಕಷ್ಟ. ನಾನು ಹೇಳಿದ್ದನ್ನು ನಮ್ಮ ಮಾವ ನಂಬುತ್ತಿದ್ದರು. ಆದರೆ ಅದನ್ನು ನಾನು ಟಿವಿಯಲ್ಲಿ ಹೇಳಬೇಕಿತ್ತು.

ಸಾಗರದ ಒಂದು ಕೇಬಲ್ ಚಾನೆಲ್‌ನಲ್ಲಿ ಹನ್ನೊಂದು ವರ್ಷದಿಂದ ವಾರ್ತೆ ಓದುತ್ತಿದ್ದೇನೆ. ಸಾಗರ, ಹೊಸನಗರ, ತೀರ್ಥಹಳ್ಳಿ, ಈ ಮೂರು ತಾಲ್ಲೂಕು ದಾಟಿದರೆ ನಾನು ಯಾರೆಂದು ಯಾರಿಗೂ ಗೊತ್ತಿಲ್ಲ. ಮೂರರ ಒಳಗೆ ಮಾತ್ರ ತರಕಾರಿ ಚೌಕಾಸಿ ಮಾಡುವುದೂ ಕಷ್ಟ. ನಾನು ಈ ಕೆಲಸಕ್ಕೆ ಬಂದದ್ದು ಪ್ರತಿಭೆಯಿಂದ ಎಂದು ನನಗೆ ಸನ್ಮಾನ ಮಾಡಿದ ದಿನ ಯಾರೋ ಹೇಳಿದರು, ನಾನೂ ತಲೆಯಾಡಿಸಿದೆ. ನಿಜ ಏನೆಂದರೆ, ಅದೇ ಆಫೀಸಿನಲ್ಲಿ ನಾನು ಫೋನ್ ಎತ್ತುವವಳಾಗಿದ್ದೆ. 'ನಮ್ಮನೆಗೆ ಚಾನೆಲ್ ಬರ್ತಿಲ್ಲ' ಎಂದವರಿಗೆ 'ಒಂದ್ಸಲ ಆಫ್ ಮಾಡಿ ಆನ್ ಮಾಡಿ' ಎನ್ನುವುದು ನನ್ನ ಕೆಲಸ. ವಾರ್ತೆ ಓದುತ್ತಿದ್ದ ಹುಡುಗಿ ಮದುವೆಯಾಗಿ ದಾವಣಗೆರೆಗೆ ಹೋದಳು. ಮಾಲೀಕರಾದ ನಾಗೇಂದ್ರಣ್ಣ ಆವತ್ತು ಕಂಗಾಲಾಗಿ ಸುತ್ತ ನೋಡಿದರು. ಸೀರೆ ಉಟ್ಟಿದ್ದವಳು ನಾನೊಬ್ಬಳೇ. "ಸುಜಾತ, ಇವತ್ತೊಂದಿನ ಕೂತ್ಕೊಳಮ್ಮ" ಎಂದರು. ಆ ಒಂದು ದಿನ ಇನ್ನೂ ಮುಗಿದಿಲ್ಲ.

ನಮ್ಮ ಸ್ಟುಡಿಯೋ ಇರುವುದು ಚಪ್ಪಲಿ ಅಂಗಡಿಯ ಮಹಡಿಯ ಮೇಲೆ. ಫ್ಯಾನ್ ಹಾಕಿದರೆ ಸದ್ದು, ಕಿಟಕಿ ತೆರೆದರೆ ಆಟೋ ಹಾರ್ನು. ಆದ್ದರಿಂದ ಎರಡನ್ನೂ ಮುಚ್ಚಿ, ಬೆವರುತ್ತ, ನಾಗೇಂದ್ರಣ್ಣನೇ ಕೈಯಲ್ಲಿ ಬರೆದ ಹಾಳೆ ನೋಡಿ ಓದಬೇಕು. ಸಂಜೆ ಏಳೂವರೆಗೆ ಪ್ರಸಾರ, ಮರುದಿನ ಬೆಳಿಗ್ಗೆ ಏಳಕ್ಕೆ ಅದೇ ಮತ್ತೊಮ್ಮೆ.

ನಮ್ಮ ಮಾವ ತಿಮ್ಮಪ್ಪನವರು ಈ ಎರಡು ಹೊತ್ತೂ ಟಿವಿ ಮುಂದೆ ಹಾಜರು. ಮೂವತ್ತು ವರ್ಷ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಯಾವ ಊರಿನಲ್ಲಿ ಯಾರು ಇಳಿಯುತ್ತಾರೆ ಎಂಬುದು ಅವರಿಗೆ ಈಗಲೂ ಬಾಯಿಪಾಠ. ಒಮ್ಮೆ ಬೆಳಿಗ್ಗೆ ನಾನು ಅಡುಗೆಮನೆಯಿಂದಲೇ "ನಾಳೆ ನಲ್ಲಿ ನೀರು ಬರಲ್ವಂತೆ, ಹಂಡೆ ತುಂಬಿಸ್ಬೇಕು" ಎಂದೆ. ಅವರು ಪೇಪರಿನಿಂದ ತಲೆ ಎತ್ತಲಿಲ್ಲ. ಅದೇ ಸಂಜೆ ಕೆಲಸ ಮುಗಿಸಿ ಮನೆಗೆ ಬಂದರೆ, ಬಾಗಿಲಲ್ಲೇ ನಿಂತು ನನಗೇ ಹೇಳಿದರು. "ಸುಜಾತಾ, ಬೇಗ ಹಂಡೆ ತುಂಬ್ಸು ಮಾರಾಯ್ತಿ! ನಾಳೆ ನೀರಿಲ್ಲಂತೆ, ಟಿವಿಲಿ ಹೇಳಿದ್ರು."

'ನೀನು ಹೇಳಿದೆ' ಅಲ್ಲ, 'ಹೇಳಿದ್ರು' ಎಂದು ಬಹುವಚನ. ಟಿವಿಯೊಳಗೆ ಕೂತ ನನಗೆ ಅವರು ಮರ್ಯಾದೆ ಕೊಡುತ್ತಾರಲ್ಲ ಎಂದು ನಾನು ಸಮಾಧಾನ ಮಾಡಿಕೊಂಡು ಹಂಡೆ ತುಂಬಿಸಿದೆ.

ಹೀಗೆ ನಡೆಯುತ್ತಿದ್ದಾಗ ಹೊಸನಗರದ ಸಮುದಾಯ ಭವನದಲ್ಲಿ ಒಂದು ಉಚಿತ ಕಣ್ಣಿನ ತಪಾಸಣಾ ಶಿಬಿರ ನಿಗದಿಯಾಯಿತು. ಮಾವನ ಎಡಗಣ್ಣಿಗೆ ಪೊರೆ ಬಂದು ವರ್ಷವಾಗಿತ್ತು. ಆಪರೇಷನ್ ಎಂದರೆ ಹೆದರಿ ಮುಂದೂಡುತ್ತಿದ್ದರು. ಶಿಬಿರ ಗುರುವಾರ ಎಂದು ಹಾಳೆಯಲ್ಲಿ ಸ್ಪಷ್ಟವಾಗಿಯೇ ಇತ್ತು. ಅದರ ಕೆಳಗಿನ ಸಾಲಿನಲ್ಲಿ, ಮಂಗಳವಾರ ನಿಟ್ಟೂರಿನ ಕಡೆ ಕರೆಂಟ್ ಇರುವುದಿಲ್ಲ ಎಂಬ ಸುದ್ದಿ. ಭಾನುವಾರ ಸಂಜೆ ನನ್ನ ಕಣ್ಣು ಒಂದು ಸಾಲು ಜಾರಿತು. ಕಣ್ಣಿನ ಶಿಬಿರ ಮಂಗಳವಾರ ಎಂದು ನಗುನಗುತ್ತಾ ಓದಿದೆ.

ತಪ್ಪು ಗೊತ್ತಾದದ್ದು ಸೋಮವಾರ ಬೆಳಿಗ್ಗೆ, ಉಪ್ಪಿಟ್ಟಿಗೆ ಒಗ್ಗರಣೆ ಹಾಕುತ್ತ ನನ್ನ ದನಿಯನ್ನು ನಾನೇ ಕೇಳಿದಾಗ. ಸೌಟು ಹಿಡಿದುಕೊಂಡೇ ಹೊರಗೆ ಓಡಿ ಬಂದೆ.

"ಮಾವ, ಅದು ತಪ್ಪು. ಶಿಬಿರ ಗುರುವಾರ."

"ಮಂಗಳವಾರ ಅಂದ್ರಲ್ಲ ಈಗ."

"ಅಂದಿದ್ದು ನಾನೇ ಅಲ್ವಾ ಮಾವ!"

"ಅದ್ಕೇ ಹೇಳೋದು. ಅಲ್ಲಿ ಕೂತಾಗ ನೀನು ಯೋಚ್ನೆ ಮಾಡಿ ಹೇಳಿರ್ತೀಯ. ಇಲ್ಲಿ ಒಗ್ಗರಣೆ ಮಧ್ಯ ಎಂತದೋ ಒಂದು ಹೇಳ್ತೀಯ. ಉಪ್ಪಿಟ್ಟು ಸೀದೋಗ್ತದೆ ನೋಡು."

ಉಪ್ಪಿಟ್ಟು ಸೀದೇ ಹೋಯಿತು. ನಾನು ಆಫೀಸಿಗೆ ಹೋಗಿ ನಾಗೇಂದ್ರಣ್ಣನ ಮುಂದೆ ನಿಂತು ವಿಷಯ ಹೇಳಿದೆ. ಅವರು ಬಹಳ ಹೊತ್ತು ಪೆನ್ನು ಕಚ್ಚಿದರು. "ತಪ್ಪಾಯ್ತು ಅಂತ ಓದಿದ್ರೆ ನಾಳೆಯಿಂದ ನಮ್ಮನ್ನ ಯಾರು ನಂಬ್ತಾರೆ? ಕೆಳಗಡೆ ಅಕ್ಷರ ಓಡುತ್ತಲ್ಲ, ಅದ್ರಲ್ಲಿ ಹಾಕ್ಬಿಡಾಣ" ಎಂದರು. ಕಣ್ಣು ಕಾಣದವರಿಗೆ ಹೇಳಬೇಕಾದ ತಿದ್ದುಪಡಿಯನ್ನು ಅತ್ಯಂತ ಸಣ್ಣ ಅಕ್ಷರದಲ್ಲಿ, ಅದೂ ಓಡಿಸಿ ತೋರಿಸುವ ಉಪಾಯ ಅದು. ನನಗೆ ಅದು ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆದೂ ಸುಮ್ಮನಿದ್ದೆ. ಎಲ್ಲರ ಮುಂದೆ ತಪ್ಪು ಒಪ್ಪಿಕೊಳ್ಳುವುದು ತಪ್ಪಿತಲ್ಲ ಎಂದು ಹಗುರವೂ ಆಯಿತು. ಆ ಸಂಜೆ ಅಡಿಕೆ ಧಾರಣೆ ಓದುವಾಗ ನನ್ನ ಗಲ್ಲದ ಕೆಳಗೆ ನನ್ನ ತಪ್ಪು ಎರಡು ಸಲ ಓಡಿ ಹೋಯಿತು. ಮನೆಯಲ್ಲಿ ಮಾತ್ರ ಇನ್ನೊಮ್ಮೆ ಹೇಳಿದೆ. ಮಾವ 'ಹೂಂ' ಎಂದರು. ಅವರ 'ಹೂಂ' ಎಂದರೆ ಬಸ್ಸು ಹೊರಡುತ್ತದೆ ಎಂದರ್ಥ.

ಮಂಗಳವಾರ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅವರ ಕೊಡೆಯೂ ಇಲ್ಲ, ಚಪ್ಪಲಿಯೂ ಇಲ್ಲ. ನನ್ನ ಗಂಡ ಹಲ್ಲುಜ್ಜುತ್ತಾ, "ಹೋಗ್ಲಿ ಬಿಡು, ಹೊಸನಗರ ನೋಡ್ಕೊಂಡು ಬರ್ತಾರೆ" ಎಂದರು. ಮಾವ ಒಬ್ಬರೇ ಆಗಿದ್ದರೆ ನಾನೂ ಬಿಡುತ್ತಿದ್ದೆನೇನೋ. ಆದರೆ ನನ್ನ ಮಾತು ಕೇಳಿ ಇನ್ನೆಷ್ಟು ಜನ, ಎಲ್ಲೆಲ್ಲಿಂದ, ತಡವರಿಸಿಕೊಂಡು ಬಸ್ಸು ಹತ್ತಿರಬಹುದು ಎಂದು ಯೋಚಿಸಿ ಕಾಫಿ ಅರ್ಧಕ್ಕೇ ಇಟ್ಟೆ. ಮುಂದಿನ ಬಸ್ಸು ಹಿಡಿದೆ.

ಸಮುದಾಯ ಭವನದ ಬಾಗಿಲಿಗೆ ಬೀಗ. ಮೆಟ್ಟಿಲ ಮೇಲೆ ಇಪ್ಪತ್ತಕ್ಕೂ ಹೆಚ್ಚು ಜನ. ಅವರನ್ನೆಲ್ಲ ನಮ್ಮ ಮಾವ ಸಾಲಾಗಿ ಕೂರಿಸಿದ್ದರು. "ಮುಂದೆ ಸರೀರಿ, ಹಿಂದೆ ಜಾಗ ಬಿಡಿ" ಎಂದು ಹಳೆಯ ಗತ್ತಿನಲ್ಲಿ ಕೂಗುತ್ತಿದ್ದರು. ನನ್ನನ್ನು ನೋಡಿ ಯಾರೋ, "ಓ, ನ್ಯೂಸ್ ಮೇಡಂ ಬಂದ್ರು! ನಮ್ಮನ್ನ ಟಿವಿಲಿ ತೋರಿಸ್ತಾರೆ" ಎಂದರು. ಒಬ್ಬ ಅಜ್ಜ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ.

"ಶಿಬಿರ ಇವತ್ತಲ್ಲ, ಗುರುವಾರ" ಎಂದೆ.

"ಮಂಗಳವಾರ ಅಂತ ಟಿವಿಲಿ ಹೇಳಿದಾರೆ" ಎಂದರು ನಾಲ್ಕು ಜನ ಒಟ್ಟಿಗೆ.

"ಟಿವಿಲಿ ಹೇಳಿದ್ದು ನಾನೇ. ತಪ್ಪು ಓದಿದೆ. ನಂದೇ ತಪ್ಪು."

ಹನ್ನೊಂದು ವರ್ಷದಲ್ಲಿ ಹಾಳೆ ಇಲ್ಲದೆ ನಾನು ಜನರ ಮುಂದೆ ಹೇಳಿದ ಮೊದಲ ವಾರ್ತೆ ಅದು. ಮೇಗರವಳ್ಳಿಯಿಂದ ಎರಡು ಬಸ್ಸು ಬದಲಿಸಿ ಬಂದಿದ್ದವರೊಬ್ಬರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. ಬೈದಿದ್ದರೆ ಒಳ್ಳೆಯದಿತ್ತು. ಆಗ ಮಾವ ಗಂಟಲು ಸರಿಮಾಡಿಕೊಂಡರು.

"ಇವ್ಳು ನನ್ನ ಸೊಸೆ. ಇವ್ಳು ನಿನ್ನೆನೇ ಮನೇಲಿ ಹೇಳಿದ್ಲು, ಗುರುವಾರ ಅಂತ. ಎರಡು ಸಲ ಹೇಳಿದ್ಲು. ನಾನೇ ಕೇಳ್ಲಿಲ್ಲ. ಬಸ್ಸಲ್ಲಿ ಸಿಕ್ಕೋರ್ನೆಲ್ಲ ನಾನೇ ಇಲ್ಲಿ ಇಳ್ಸಿ ಕರ್ಕೊಂಡೂ ಬಂದೆ. ಬೈಯೋದಾದ್ರೆ ನಂಗೂ ಬೈರಿ."

ನಿಟ್ಟೂರಿನ ಕಡೆಯ ಒಬ್ಬ ಅಮ್ಮ, ಎರಡೂ ಕಣ್ಣಿಗೆ ಪೊರೆ ಬಂದವರು, ನನ್ನ ದನಿ ಬಂದ ದಿಕ್ಕಿಗೆ ಕೈ ಚಾಚಿದರು. ಹತ್ತಿರ ಹೋದೆ. ನನ್ನ ಮೊಣಕೈ ಮುಟ್ಟಿ ನೋಡಿ, "ಟಿವಿಲಿ ದಪ್ಪ ಇದೀಯ ಅಂತಿದ್ಲು ನನ್ ಮಗಳು. ಎಂತದೂ ಇಲ್ಲ, ಕಡ್ಡಿ. ಗುರುವಾರ ಬರಾಣ ಬಿಡು. ಆವತ್ತಾದ್ರೂ ಬೀಗ ತೆಗ್ಸು" ಎಂದರು. ಎಲ್ಲರೂ ನಕ್ಕರು. ನನಗೆ ನಗಲು ಸ್ವಲ್ಪ ಹೊತ್ತು ಬೇಕಾಯಿತು.

ಆ ಸಂಜೆ ನಾಗೇಂದ್ರಣ್ಣನನ್ನು ಕೇಳದೆಯೇ, ಹಾಳೆಯಲ್ಲಿ ಇಲ್ಲದ್ದನ್ನು ಮೊದಲ ಸುದ್ದಿಯಾಗಿ ಓದಿದೆ. 'ಶಿಬಿರ ಗುರುವಾರ, ಮೊನ್ನೆ ನಾನು ತಪ್ಪು ಓದಿದ್ದೆ, ಕ್ಷಮಿಸಿ.' ಕ್ಯಾಮೆರಾ ಹಿಂದೆ ಅವರು ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡರು. ಆದರೆ ರೆಕಾರ್ಡಿಂಗ್ ನಿಲ್ಲಿಸಲಿಲ್ಲ.

ಗುರುವಾರ ಬೀಗ ತೆಗೆದಿತ್ತು. ನಿಟ್ಟೂರಿನ ಅಮ್ಮನೂ ಬಂದರು. ಮಾವನ ಜೊತೆ ಹೋದ ನನ್ನನ್ನೂ ಶಿಬಿರದ ಡಾಕ್ಟರಮ್ಮ ಕುರ್ಚಿಯಲ್ಲಿ ಕೂರಿಸಿ ಬೋರ್ಡು ಓದಿಸಿದರು. ಕೆಳಗಿನ ಮೂರು ಸಾಲು ಒಂದರೊಳಗೊಂದು ಸೇರಿಕೊಂಡಿದ್ದವು. ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಹಾಳೆಯ ಅಕ್ಷರ ನನಗೆ ಮಸುಕಾಗಿ ಕಾಣತೊಡಗಿ ವರ್ಷವೇ ಆಗಿತ್ತು. ಕನ್ನಡಕ ಹಾಕಿದರೆ ವಯಸ್ಸಾದಂತೆ ಕಾಣುತ್ತೇನೆಂದು ಯಾರಿಗೂ ಹೇಳಿರಲಿಲ್ಲ. ಈಗ ಹಾಕುತ್ತೇನೆ. ಗಾಜಿನಲ್ಲಿ ಸ್ಟುಡಿಯೋದ ಎರಡೂ ಲೈಟು ಹೊಳೆಯುವುದರಿಂದ ತಲೆ ಓರೆ ಮಾಡಿಕೊಂಡು ಓದಬೇಕು. ನನ್ನ ಸುದ್ದಿಯ ಮೇಲೆ ನನಗೇ ಅನುಮಾನ ಇದ್ದಂತೆ ಕಾಣುತ್ತದೆ ಎಂದು ಗಂಡ ಹೇಳುತ್ತಾರೆ.

ಮಾವನ ಆಪರೇಷನ್ ಚೆನ್ನಾಗಿ ಆಯಿತು. ಮೊದಲ ಸಲ ಸ್ಪಷ್ಟ ಕಣ್ಣಿನಿಂದ ವಾರ್ತೆ ನೋಡಿದ ಮೇಲೆ ಅಡುಗೆಮನೆ ಬಾಗಿಲಿಗೆ ಬಂದು ನಿಂತರು. "ಓದೋವಾಗ ನಿನ್ ಕೈ ನಡುಗ್ತದಲ್ಲ ಮಾರಾಯ್ತಿ! ನಾನು ಇಷ್ಟು ವರ್ಷ ಟಿವಿನೇ ಹಾಳಾಗಿದೆ ಅಂದ್ಕೊಂಡಿದ್ದೆ" ಎಂದರು. ನಡುಗುವ ಕೈಯವಳು ಹೇಳಿದ್ದನ್ನು ಅಷ್ಟು ಗಟ್ಟಿಯಾಗಿ ನಂಬಿದೆನಲ್ಲ ಎನ್ನುವ ಆಶ್ಚರ್ಯ ಅವರ ಮುಖದಲ್ಲಿತ್ತು. ಆವತ್ತಿನಿಂದ ಟಿವಿಯ ಮೇಲಿನ ಅವರ ನಂಬಿಕೆ ಅಡುಗೆಮನೆಗೆ ಬಂದುಬಿಟ್ಟಿತು. ವಾರ್ತೆ ಮುಗಿದರೆ ಒಳಗೆ ಬಂದು, "ಅವ್ರು ಹೇಳಿದ್ದು ಇರ್ಲಿ, ನೀನೇ ಸರಿಯಾಗಿ ಹೇಳು" ಎನ್ನುತ್ತಾರೆ.

ಇಷ್ಟು ವರ್ಷ ಬಯಸಿದ್ದು ಇದನ್ನೇ. ಕಳೆದ ವಾರ ಮಾವ ಪೇಟೆಗೆ ಹೊರಡುವ ಮುಂಚೆ, "ಇವತ್ತು ಮಳೆ ಬತ್ತದಾ?" ಎಂದು ಕೇಳಿದರು. ನಾನು ಸೊಪ್ಪು ಬಿಡಿಸುತ್ತಿದ್ದೆ. ತಲೆ ಎತ್ತದೆ, "ಇಲ್ಲ ಮಾವ" ಎಂದೆ. ಹೊರಗೆ ಆಕಾಶ ಹೇಗಿದೆಯೆಂದು ನೋಡಿಯೇ ಇರಲಿಲ್ಲ. ಮಧ್ಯಾಹ್ನ ಬಾಗಿಲಲ್ಲಿ ಅವರು ತಲೆಯಿಂದ ಕಾಲಿನವರೆಗೆ ನೆಂದು ನಿಂತಿದ್ದರು. ಸಿಟ್ಟೇನೂ ಇರಲಿಲ್ಲ. "ಕೊಡೆ ತಗೊಂಡಿದ್ದೆ. ನೀನು ಹೇಳಿದ್ಯಲ್ಲ ಅಂತ ವಾಪಸ್ ಇಟ್ಟು ಹೋದೆ" ಎಂದರು.

ಟವೆಲ್ ತಂದುಕೊಟ್ಟೆ. ಈ ಸಲ ತಪ್ಪು ಓದಿದೆ ಎನ್ನಲು ಕೈಯಲ್ಲಿ ಹಾಳೆಯೂ ಇರಲಿಲ್ಲ.