ಎಲ್ಲದಕ್ಕೂ ಆಮೆನ್

ಹುಟ್ಟಿದಾಗಿನಿಂದ ನಾನು ಅತಿ ಹೆಚ್ಚು ಸಲ ಆಡಿದ, ಅತಿ ಕಡಿಮೆ ಯೋಚಿಸಿ ಆಡಿದ ಮಾತು ಯಾವುದೆಂದು ಕೇಳಿದರೆ, ಅದು ಆಮೆನ್. ಚಿಕ್ಕವನಿದ್ದಾಗ ಅದಕ್ಕೆ 'ಇನ್ನು ಉಣ್ಣಬಹುದು' ಎಂಬುದೊಂದೇ ಅರ್ಥವಿತ್ತು. ಅಪ್ಪ ಊಟದ ಮುಂದೆ ಕಣ್ಣು ಮುಚ್ಚಿದರೆ ಲೋಕದ ರೋಗಿಗಳನ್ನೆಲ್ಲ ಹೆಸರು ಹಿಡಿದು ನೆನೆಯುತ್ತಿದ್ದರು. ಅವರೆಲ್ಲ ಗುಣವಾಗುವಷ್ಟರಲ್ಲಿ ರೊಟ್ಟಿ ಆರಿ ಕಟಕಟಿಯಾಗಿರುತ್ತಿತ್ತು. ಅಪ್ಪ ಉಸಿರು ತೆಗೆದುಕೊಳ್ಳಲು ನಿಂತರೂ ಸಾಕು, ನಾನು ನಡುವೆಯೇ ಆಮೆನ್ ಎಂದುಬಿಡುತ್ತಿದ್ದೆ. ಈಗ ನನಗೆ ಅರವತ್ತೆರಡು. ಕನ್ನಡ ಶಾಲೆಯ ಮಾಸ್ತರಿಕೆಯಿಂದ ನಿವೃತ್ತನಾಗಿದ್ದೇನೆ, ಆ ಚಟದಿಂದ ಆಗಿಲ್ಲ.

ನಮ್ಮದು ಇಂಡಿ ಊರಿನ ಸಣ್ಣ ಕ್ರೈಸ್ತ ಸಭೆ. ಅಯ್ಯನವರು, ಎಂದರೆ ನಮ್ಮ ಪಾಸ್ಟರು, ಇರುವುದು ಸಿಂದಗಿಯಲ್ಲಿ. ರವಿವಾರ ಮುಂಜಾನೆ ಬಸ್ಸಿಗೆ ಬಂದು ಆರಾಧನೆ ನಡೆಸಿ ಸಂಜೆ ಬಸ್ಸಿಗೆ ಹೋಗುತ್ತಾರೆ. ಉಳಿದ ಆರು ದಿನ ಸಭೆ ನಡೆಯುವುದು ವಾಟ್ಸಾಪಿನಲ್ಲಿ. ಹನ್ನೊಂದು ವರ್ಷದಿಂದ ನಾನೇ ಕಾರ್ಯದರ್ಶಿ. ಬೇರೆ ಯಾರಿಗೂ ಬೇಡವಾದ ಕೆಲಸವಾದ್ದರಿಂದ ಚುನಾವಣೆಯ ತೊಂದರೆ ಇಲ್ಲ. ಜಮಖಾನೆ ಹಾಸುವುದು, ಗಂಟೆ ಬಾರಿಸುವುದರ ಜೊತೆಗೆ ಈ ಗುಂಪಿನ ಅಡ್ಮಿನ್‌ಗಿರಿಯೂ ನನ್ನ ಕೊರಳಿಗೇ ಬಿದ್ದಿದೆ. ಗುಂಪಿನಲ್ಲಿ ಏನೇ ಬರಲಿ, ಕೆಳಗೆ ಆಮೆನ್ ಹಾಕಬೇಕೆಂಬುದು ನಮ್ಮಲ್ಲಿ ಯಾರೂ ಬರೆಯದ ಕಾನೂನು. ಹಾಕದಿದ್ದರೆ ರವಿವಾರ ಯಾರಾದರೂ, "ಯಾಕ್ರಿ ಮಾಸ್ತರ, ವಿಶ್ವಾಸ ಕಮ್ಮಿ ಆಗೈತೇನ್ರಿ" ಎಂದು ಕೇಳುತ್ತಾರೆ. ಒಮ್ಮೆ ಒಬ್ಬರು ತಮ್ಮ ಎಮ್ಮೆ ಕಳೆದಿದೆ ಎಂದು ಹಾಕಿದಾಗ ಹತ್ತೊಂಬತ್ತು ಆಮೆನ್ ಬಂದವು. ಸಿಕ್ಕಿತು ಎಂದಾಗ ಹನ್ನೊಂದೇ ಬಂದವು.

ಇಂಥ ಗುಂಪಿಗೆ ಈ ಸಲ ಕ್ರಿಸ್‌ಮಸ್ ಮುಗಿಯುತ್ತಲೇ ಅಯ್ಯನವರು ಮೇಲಿನ ಕಚೇರಿಯ ಒಂದು ಉದ್ದ ಪತ್ರ ಹಾಕಿದರು. ಬೆರಳು ತನ್ನ ಕೆಲಸ ತಾನು ಮಾಡಿತು. ಮೊದಲ ಆಮೆನ್ ನನ್ನದೇ. ನನ್ನ ಹೆಂಡತಿ ಸುವಾರ್ತಾ ಹಾಗಲ್ಲ. ಅವಳು ಔಷಧದ ಬಾಟಲಿಯ ಚೀಟಿಯನ್ನೂ ಚಾಳೀಸು ಹಾಕಿಕೊಂಡು ಪೂರ್ತಿ ಓದುವವಳು. ಓದಿ ಮುಗಿಸಿ, "ಏನ್ರಿ, ಇದನ್ನ ಓದೀರೇನು?" ಎಂದಳು.

"ಓದೇನಿ."

"ಏನ್ ಬರದಾರ ಹೇಳ್ರಿ ನೋಡೂಣು."

ನಾನು ಟವೆಲ್ಲು ಹುಡುಕಿಕೊಂಡು ಬಚ್ಚಲಿಗೆ ಹೋದೆ.

ಪತ್ರದಲ್ಲಿದ್ದದ್ದು ಎಳ್ಳ ಅಮಾವಾಸ್ಯೆಯ ವಿಷಯ. ಆ ದಿನ ನಮ್ಮ ಕಡೆ ಊರಿಗೆ ಊರೇ ಹೊಲದಲ್ಲಿರುತ್ತದೆ. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆಗಳನ್ನು ಬುಟ್ಟಿಯಲ್ಲಿ ಹೊತ್ತು ಹೋಗಿ, ಭೂಮಿತಾಯಿಗೆ ಪೂಜೆ ಮಾಡಿ, ಅಡುಗೆಯಲ್ಲಿ ಒಂದಿಷ್ಟನ್ನು ಬೆಳೆಯ ಮೇಲೆ ಚೆಲ್ಲುತ್ತಾರೆ. ಅದಕ್ಕೆ ಚರಗ ಚೆಲ್ಲುವುದು ಎನ್ನುತ್ತಾರೆ. ಆಮೇಲೆ ಬಂದವರೆಲ್ಲ ಕೂಡಿ ಊಟ. ಹಾಗೆ ಪೂಜೆಗಿಟ್ಟ ಅನ್ನವನ್ನು ಸಭೆಯವರು ಉಣ್ಣಬಾರದು, ಆದ್ದರಿಂದ ಯಾರ ಹೊಲಕ್ಕೂ ಹೋಗಬಾರದು ಎಂಬುದು ಪತ್ರದ ಸಾರಾಂಶ. ನಾವಾದರೋ ಮೂವತ್ತು ವರ್ಷದಿಂದ ನಮ್ಮ ನಿಂಬೆ ತೋಟದ ಬದುವಿನಾಚೆಯ ಶಾಂತವ್ವನ ಹೊಲದಲ್ಲಿ ಉಂಡವರು.

ಮರುದಿನ ನಾನು ಸಂತೆಯಲ್ಲಿ ಉಳ್ಳಾಗಡ್ಡಿ ಆರಿಸುತ್ತಿದ್ದಾಗ ಫೋನು ಸದ್ದು ಮಾಡಿತು. ಗುಂಪಿಗೆ ಯಾರೋ ನಾಲ್ಕು ನಿಮಿಷದ ಧ್ವನಿ ಸಂದೇಶ ಹಾಕಿದ್ದರು. ಇಷ್ಟುದ್ದ ಮಾತಾಡಿದ್ದಾರೆಂದರೆ ಪ್ರಾರ್ಥನೆಯೇ ಇರಬೇಕೆಂದು, ಕೇಳದೆಯೇ ಆಮೆನ್ ಒತ್ತಿ ಚೀಲ ಎತ್ತಿಕೊಂಡೆ. ಮನೆಗೆ ಬಂದು ಕೇಳಿದರೆ ಅದು ಸುವಾರ್ತಾಳ ಧ್ವನಿ.

"ಅಯ್ಯನವರ, ಸಿಟ್ಟಾಗಬ್ಯಾಡ್ರಿ. ಈ ಬೋಧನಿ ನನಗ ಒಪ್ಪಿಗಿ ಇಲ್ರಿ. ನಮ್ಮ ಅತ್ತಿ ಸತ್ತಾಗ ಆ ಕಲ್ಲ ನೆಲದಾಗ ಕುಣಿ ತೋಡಿದಂವ ಶಾಂತವ್ವನ ಗಂಡ. ಅಂಗೈ ಬೊಬ್ಬಿ ಎದ್ದಿದ್ವು. ಪ್ರಾರ್ಥನಿ ಮುಗಿಯೂ ತನಕ ರುಮಾಲ ತಗದು ನಿಂತಿದ್ದ. ಅವನ ದೇವರು ಅವಂಗ ಏನೂ ಅನ್ಲಿಲ್ಲ. ನಾವು ಕೊಟ್ಟ ಕ್ರಿಸ್‌ಮಸ್ ಕರ್ಚಿಕಾಯಿ ಅವ್ರು ತಿಂತಾರ. ಅವ್ರ ಹೊಲದಾಗಿನ ರೊಟ್ಟಿ ನಾ ತಿಂದ್ರ ನಮ್ಮ ದೇವರಿಗೆ ಯಾಕ ಸಿಟ್ಟು ಬರ್ತೈತ್ರಿ?"

ಹೀಗೇ ನಾಲ್ಕು ನಿಮಿಷ. ಕೆಳಗೆ ಹದಿನೇಳು ಆಮೆನ್. ಹಿಂದಿನ ದಿನ ಪತ್ರಕ್ಕೆ ಹಾಕಿದವರೇ ಇದಕ್ಕೂ ಹಾಕಿದ್ದರು. ಆಮೇಲೆ ನಿಜವಾಗಿ ಕೇಳಿದವರು ಎಚ್ಚೆತ್ತುಕೊಂಡರು. ಹೋಗಬಹುದು ಎನ್ನುವವರು ಒಂದು ಬೈಬಲ್ ವಚನ ಹಾಕಿದರೆ ಹೋಗಬಾರದು ಎನ್ನುವವರು ಎರಡು ಹಾಕಿದರು. ಎರಡೂ ಕಡೆಯವರು ಅವನ್ನು ಆರಿಸಿದ್ದು ಒಂದೇ ಅಧ್ಯಾಯದಿಂದ. ಧ್ವನಿ ಸಂದೇಶ ಮುದ್ದೇಬಿಹಾಳದ ಸಭೆಯವರೆಗೂ ಹೋಯಿತು. ಯಾರು ಏನು ಬರೆದರು ಎಂದು ನೋಡಿ ನೋಡಿ ನನಗೆ ಮೂರು ದಿನದಲ್ಲಿ ಸಾಕುಸಾಕಾಯಿತು. ವಾದ ಮಾಡುವವರಿಗೆ ದಣಿವಿಲ್ಲ. ದಣಿಯುವುದು ಅಡ್ಮಿನ್ ಒಬ್ಬನೇ.

ಅಯ್ಯನವರ ಫೋನು ಬಂತು. "ಮಾಸ್ತರ, ನನ್ನ ಪತ್ರಕ್ಕೂ ಆಮೆನ್ ಅಂದೀರಿ, ಅಕ್ಕಾರ ಮಾತಿಗೂ ಆಮೆನ್ ಅಂದೀರಿ. ನೀವು ಯಾವ ಕಡೆರಿ?"

"ನೆಟ್‌ವರ್ಕ್ ಸರಿ ಇಲ್ರಿ, ಅಯ್ಯನವರ."

"ಇಲ್ಲಿ ಚಲೋ ಕೇಳಾಕತ್ತೈತ್ರಿ. ನನಗೂ ಮ್ಯಾಲಿನವ್ರು ದಿನಾ ಕೇಳ್ತಾರ. ಅಕ್ಕಾರು ಮಾತು ಹಿಂದ ತಗೋಳೂ ತನಕ ಅವ್ರನ್ನ ಗುಂಪಿನಿಂದ ತಗೀರಿ. ಅಡ್ಮಿನ್ ನೀವ ಅದೀರಿ."

ಅವರ ದನಿಯೂ ಬಳಲಿತ್ತು. ಬೈದಿದ್ದರೆ ತಿರುಗಿ ಏನಾದರೂ ಅನ್ನುತ್ತಿದ್ದೆನೋ ಏನೋ. "ಆಗಲ್ರಿ" ಎಂದೆ. ಸುವಾರ್ತಾ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ನಾನು ಪಡಸಾಲೆಯಲ್ಲಿ ನಿಂತು ಅವಳ ಹೆಸರಿನ ಮೇಲೆ ಬೆರಳಿಟ್ಟು ಅವಳನ್ನು ಗುಂಪಿನಿಂದ ತೆಗೆದೆ. ಮೂವತ್ತಾರು ವರ್ಷ ಒಂದೇ ತಾಟಿನ ಅಂಚಿನಲ್ಲಿ ಉಪ್ಪಿನಕಾಯಿ ಹಂಚಿಕೊಂಡ ಹೆಂಡತಿಯನ್ನು ಸಭೆಯಿಂದ ಹೊರಹಾಕಲು ಎರಡು ಸಲ ಬೆರಳು ಒತ್ತಿದರೆ ಸಾಕು ಎಂಬುದು ನನಗೆ ಅಂದೇ ತಿಳಿದದ್ದು. ಅವಳು ಜಗಳ ಮಾಡಲಿಲ್ಲ. ರವಿವಾರ ಆರಾಧನೆಗೆ ಒಂದು ತಾಸು ತಡವಾಗಿ ಬಂದು, "ನನಗ ಗುಂಪಿನಾಗ ಸುದ್ದಿ ಬಂದಿಲ್ರಿ" ಎಂದು ಎಲ್ಲರೆದುರು ಕೂತಳು. ಹೆಣ್ಣುಮಕ್ಕಳಿಗೆ ಕೆಲಸ ಹಂಚುತ್ತಿದ್ದವಳು ಅವಳೇ ಆದ್ದರಿಂದ ಆ ದಿನ ದೇವಾಲಯದ ಕಸ ಹೊಡೆದಿರಲಿಲ್ಲ, ಚಹಾವೂ ಇರಲಿಲ್ಲ. ಅಯ್ಯನವರು ನೀರು ಕುಡಿದು ಸಿಂದಗಿಗೆ ಹೋದರು.

ಅಮಾವಾಸ್ಯೆಯ ಮುಂಜಾನೆ ಅವಳು ಹೊಸ ಸೀರೆಯುಟ್ಟು ಬುಟ್ಟಿ ಎತ್ತಿಕೊಂಡಳು. ನಾನು ಕಾರ್ಯದರ್ಶಿಯಾಗಿ ಮನೆಯಲ್ಲೇ ಉಳಿದೆ.

"ನನ್ನ ಊಟ?" ಎಂದೆ.

"ನೀವು ಆಮೆನ್ ಅಂದದ್ದು ಐತೆಲ್ಲ. ಅದನ್ನ ಉಣ್ರಿ."

ಮಧ್ಯಾಹ್ನದವರೆಗೆ ತತ್ವದ ಮೇಲೆ ಇದ್ದೆ. ಎರಡು ಗಂಟೆಗೆ ನಮ್ಮ ನಿಂಬೆ ಗಿಡಗಳಿಗೆ ನೀರು ಸಾಕೋ ಬೇಕೋ ನೋಡಿ ಬರಬೇಕೆಂದು ತೀವ್ರವಾಗಿ ಅನ್ನಿಸಿತು. ಗಿಡ ನೋಡುವವನಂತೆ ಬದುವಿಗೆ ಬೆನ್ನು ಹಾಕಿ ನಿಂತಿದ್ದೆ. ಶಾಂತವ್ವ ಆಚೆಯಿಂದ ಕರೆದಳು. "ಮಾಸ್ತರ, ಆ ಗಿಡ ನಿನ್ನೀನೂ ಅಲ್ಲೇ ಇತ್ತು. ಉಣ್ಣಾಕ ಬರ್ರಿ."

"ಅಲ್ಲವ್ವಾ, ನಮ್ಮ ಸಭೆದಾಗ ಒಂದು ಪತ್ರ ಬಂದೈತಿ..."

"ಅಕ್ಕ ಹೇಳ್ಯಾಳ್ರಿ. ನಿಮ್ಮ ಬುತ್ತಿ ಪೂಜಿಗೆ ಇಟ್ಟಿಲ್ಲ. ಮುಂಜಾನಿ ಎಲ್ಲಾದಕ್ಕೂ ಮೊದಲ ಬ್ಯಾರೆ ತಗದಿಟ್ಟೇನಿ."

"ಈ ಸಲ ನಮಗಾಗಿ ಇಷ್ಟು ತ್ರಾಸ ತಗೊಂಡಿ?"

"ಈ ಸಲ ಏನ್ ಬಂತ್ರಿ. ನಾ ಈ ಮನಿಗೆ ಸೊಸಿಯಾಗಿ ನಡ್ಯಾಕ ಬಂದ ವರ್ಷ ನಿಮ್ಮವ್ವ ಹೇಳಿದ್ರು, ನಮಗ ಪೂಜಿಗೆ ಇಟ್ಟದ್ದು ನಡ್ಯಂಗಿಲ್ಲ ಅಂತ. ಅವತ್ತಿನಿಂದ ಪ್ರತಿ ವರ್ಷ ತಗದಿಡಾಕತ್ತೇನಿ. ನಿಮಗ ಗೊತ್ತಿಲ್ಲೇನು?"

ನನಗೆ ಗೊತ್ತಿರಲಿಲ್ಲ. ಶಾಂತವ್ವನ ಪಕ್ಕ ಕೂತಿದ್ದ ಸುವಾರ್ತಾಳ ಮುಖ ನೋಡಿದೆ, ಅವಳಿಗೂ ಗೊತ್ತಿರಲಿಲ್ಲ. ನಮ್ಮ ಸಭೆಯ ಬೋಧನೆಯನ್ನು ಮೂವತ್ತು ವರ್ಷ ಒಂದು ಸಲವೂ ತಪ್ಪದೆ ಪಾಲಿಸಿಕೊಂಡು ಬಂದವಳು ಯಾವ ಗುಂಪಿನಲ್ಲೂ ಇಲ್ಲದ ಈ ಶಾಂತವ್ವ. ನನಗೆ ನಾಚಿಕೆಯಾಯಿತು. ಬದು ದಾಟಿ ಹೋಗಿ ಕೂತು ಹೋಳಿಗೆ ಮುರಿದೆ.

ಮನೆಗೆ ಬಂದು ಇದೆಲ್ಲವನ್ನೂ ಬರೆದು ಗುಂಪಿಗೆ ಹಾಕಿದೆ. ಅದಕ್ಕೂ ಮೊದಲು, ಅಯ್ಯನವರನ್ನು ಕೇಳದೆ, ಸುವಾರ್ತಾಳನ್ನು ಮತ್ತೆ ಸೇರಿಸಿದೆ. ಹನ್ನೊಂದು ವರ್ಷದಲ್ಲಿ ಸ್ವಂತ ಬುದ್ಧಿಯಿಂದ ಮಾಡಿದ ಕೆಲಸ ಅದೊಂದೇ. ಹತ್ತು ನಿಮಿಷದಲ್ಲಿ ಇಪ್ಪತ್ತೊಂದು ಆಮೆನ್ ಬಂದವು. ಅಯ್ಯನವರದೂ ಒಂದಿತ್ತು, ಓದಿ ಹಾಕಿದರೋ, ಬಸ್ಸಿನಲ್ಲಿ ಕೂತು ಸುಮ್ಮನೆ ಒತ್ತಿದರೋ ಕೇಳುವ ಧೈರ್ಯ ನನಗೆ ಇವತ್ತಿಗೂ ಆಗಿಲ್ಲ. ಆಮೆನ್ ಹಾಕದೆ ಉಳಿದವಳು ಸುವಾರ್ತಾ ಒಬ್ಬಳೇ. ಕಟ್ಟೆಯ ಮೇಲೆ ಕೂತು ಚಾಳೀಸಿನೊಳಗಿಂದ ನಿಧಾನವಾಗಿ ಓದುತ್ತಿದ್ದಳು. ನಾನು ತಡೆಯಲಾರದೆ ಕೇಳಿದೆ.

"ಹ್ಯಾಂಗ ಐತಿ?"

"ಚಲೋ ಬರದೀರಿ. ಶಾಂತವ್ವಂದು ಐತಿ, ಅತ್ತೀದು ಐತಿ." ಅವಳು ಚಾಳೀಸು ತೆಗೆದು ಸೆರಗಿನಿಂದ ಒರೆಸಿದಳು. "ನನ್ನ ಯಾರು ತಗದ್ರು ಅನ್ನೂದು ಬರದಿಲ್ಲ."

ಅರವತ್ತೆರಡು ವರ್ಷದಲ್ಲಿ ಪೂರ್ತಿ ಕೇಳಿಸಿಕೊಂಡು, ಅರ್ಥ ಮಾಡಿಕೊಂಡು ಆಮೆನ್ ಎನ್ನಬೇಕಾದ ಮಾತು ಅದೊಂದೇ ಇತ್ತು. ಬಾಯಿ ತೆರೆದೆ. ಬರಲಿಲ್ಲ.