ಹತ್ತಕ್ಕೆ ಹನ್ನೆರಡು ನೋವು

ನೋವಿಗೆ ಅಂಕ ಹಾಕಲು ಹೊರಟರೆ ಇಂಥವು ನಡೆಯುತ್ತಲೇ ಇರುತ್ತವೆ. ನಿಪ್ಪಾಣಿ ಹತ್ತಿರದ ವೃದ್ಧರ ಆರೈಕೆ ಮನೆಯೊಂದರಲ್ಲಿ ಕಂಪೌಂಡರ್ ಆಗಿದ್ದೆ. ಮೇಲಿನ ಆಫೀಸಿನಿಂದ ಒಂದು ಪಟ್ಟಿ ಬಂತು. ದಿನಾ ಬೆಳಿಗ್ಗೆ ಒಬ್ಬೊಬ್ಬರನ್ನೂ ಕೇಳಬೇಕು: ನೋವು ಹತ್ತಕ್ಕೆ ಎಷ್ಟು? ಸೊನ್ನೆ ಎಂದರೆ ಇಲ್ಲ, ಹತ್ತು ಎಂದರೆ ತಡೆಯಲಾಗದ್ದು. ಅಂಕ ಇಳಿದರೆ ಆರೈಕೆ ಚೆನ್ನಾಗಿದೆ ಎಂದರ್ಥ. ನಮ್ಮದು ಏರಿಯೇ ಇತ್ತು. ದೀಪಾವಳಿಯೊಳಗೆ ಇಳಿಯದಿದ್ದರೆ ಸಿಸ್ಟರನ್ನು ತೆಗೆಯುತ್ತೇವೆ ಎಂದರು. ಇದ್ದವರು ಒಬ್ಬರೇ ಸಿಸ್ಟರ್. ಮೈಸೂರು ಕಡೆಯವರು. ಒಳ್ಳೆಯ ಹೆಣ್ಣುಮಗಳು.

ಮಾಸ್ತರರ ಮೊಣಕಾಲು

ಅಥಣಿಯ ನಿವೃತ್ತ ಮಾಸ್ತರರು ಗೋಡೆ ಹಿಡಿದು ನಡೆಯುತ್ತಿದ್ದರು. ಹೆಜ್ಜೆಗೊಮ್ಮೆ ನರಳುತ್ತಿದ್ದರು. ಕೇಳಿದರೆ ಮೂರು ಎನ್ನುತ್ತಿದ್ದರು. ಮೂರಕ್ಕೆ ಗುಳಿಗೆ ಇಲ್ಲ, ಐದಾದರೂ ಅನ್ನಿ ಎಂದೆ. ಸಿಟ್ಟಾದರು.

"ಮೂವತ್ತೈದು ವರ್ಷದಾಗ ಯಾರಿಗೂ ಪುಕ್ಕಟ ಮಾರ್ಕ್ಸ್ ಕೊಟ್ಟಿಲ್ಲ. ಈ ಮೊಣಕಾಲಿಗೆ ಯಾಕ ಕೊಡ್ಲಿ?"

ಅಜ್ಜಿಯ ಸೊಂಟ

ರಾಯಬಾಗದ ಅಜ್ಜಿ ತನ್ನ ನೋವು ಹನ್ನೆರಡಾಣೆ ಐತಿ ಅಂದಳು. ನಮ್ಮ ಕಡೆ ಹದಿನಾರಾಣೆ ಎಂದರೆ ಪೂರ್ತಿ, ಹನ್ನೆರಡಾಣೆ ಎಂದರೆ ಮುಕ್ಕಾಲು. ಸಿಸ್ಟರಿಗೆ ಅದು ಗೊತ್ತಿಲ್ಲ. ಹತ್ತಕ್ಕೆ ಹನ್ನೆರಡು ಎಂದು ಬರೆದರು. ಮರುದಿನ ಅಜ್ಜಿ ನಾಲ್ಕಾಣೆ ಕಮ್ಮಿ ಆಗೇತಿ ಅಂದಳು. ಸಿಸ್ಟರ್ ನಾಲ್ಕು ಎಂದು ಬರೆದರು. ಆಫೀಸಿನಿಂದ ಫೋನು ಬಂತು. ಒಂದೇ ದಿನಕ್ಕೆ ಎಂಟು ಇಳಿದಿದೆ, ಯಾವ ಔಷಧ ಕೊಟ್ಟಿರಿ ಎಂದು ಕೇಳಿದರು. ನಾನು ಅಜ್ಜಿಯನ್ನೇ ಕೇಳಿದೆ.

"ಔಷಧ ಎಲ್ಲೀದೋ? ಗೊರಕಿ ಹೊಡಿಯೋ ಮಗ್ಗಲ ಮಂಚದಾಕಿ ಊರಿಗೆ ಹೋಗ್ಯಾಳ."

ಸೊನ್ನೆ

ದೀಪಾವಳಿಗೆ ಮುಂಚೆ ತಪಾಸಣೆಯ ಸಾಹೇಬರು ಬಂದರು. ಸಿಸ್ಟರ್ ಕೆಲಸ ಹೋಗುತ್ತದೆಂಬ ಸುದ್ದಿ ಅಷ್ಟರಲ್ಲಿ ಮಂಚದಿಂದ ಮಂಚಕ್ಕೆ ಮುಟ್ಟಿತ್ತು. ಮುದುಕರೆಲ್ಲ ಒಳಗೊಳಗೇ ಮಾತಾಡಿಕೊಂಡಿದ್ದರು. ಸಾಹೇಬರು ಕೇಳುತ್ತಾ ಹೋದರು. ಸೊನ್ನೆ, ಸೊನ್ನೆ, ಸೊನ್ನೆ. ಎದ್ದು ಕೂಡಲಾಗದವರೂ ಹಲ್ಲು ಕಚ್ಚಿ ಸೊನ್ನೆ ಅಂದರು.

ಸಾಹೇಬರು ಪಟ್ಟಿ ಮಡಚಿದರು.

"ಭಾಳ ಛಲೋ ಆತು. ನೋವ ಇಲ್ಲಂದ್ರ ಇಲ್ಲಿ ಸಿಸ್ಟರ್ ಯಾಕ ಬೇಕು?"

ಕೊನೆಯ ಮಂಚದಿಂದ ಉಗಾರ ಬುದ್ರುಕದ ಅಜ್ಜ ನರಳಿದ. ಅವನ ಹಿಂದೆ ಇನ್ನೊಬ್ಬ. ಆಮೇಲೆ ಹದಿನೆಂಟು ಮಂಚಗಳೂ ನರಳಿದವು.

ಸಿಸ್ಟರ್ ಇರಲಿ ಎಂದು ಸಾಹೇಬರು ಅಲ್ಲೇ ಬರೆದುಕೊಟ್ಟರು. ಹೋಗುವಾಗ ಅಜ್ಜನ ಮಂಚದ ಹತ್ತಿರ ನಿಂತರು.

"ಈಗಷ್ಟ ಸೊನ್ನಿ ಅಂದಿದ್ರೆಲ್ಲ, ಅಜ್ಜಾರ?"

"ಹೌದ್ರಿ. ಆವಾಗ ನೀವಿನ್ನಾ ಆ ಮಾತ ಆಡಿರ್ಲಿಲ್ರಿ."